ಪೀಡಿಯಾಟ್ರಿಕ್ ಸರ್ಜರಿ (ಮಕ್ಕಳ ಶಸ್ತ್ರಚಿಕಿತ್ಸೆ) ಎಂಸಿಎಚ್ ತಗೋಬೇಕಂತ ಮಾಡೇನಿ, ಒಳಗಿದ್ದವರು ಟ್ರೈನಿಂಗ್ ಖರೇನ ಹೆಂಗಿರ್ತೈತಿ ಹೇಳ್ರಿ

ಗೋಕಾಕದ ಪಿಜಿ (ಬೆಳಗಾವಿ)

ಎಲ್ಲಾರಿಗೂ ನಮಸ್ಕಾರ್ರಿ. ನಾ ಬೆಳಗಾವ್ಯಾಗ ಎಂಎಸ್ ಜನರಲ್ ಸರ್ಜರಿ ಫೈನಲ್ ಇಯರ್ ಅದೇನಿ, ನೀಟ್ ಎಸ್‌ಎಸ್‌ಗೆ ಓದಾಕತ್ತೇನಿ, ಅಂದ್ರ ಎಂಎಸ್ ಆದ ಮ್ಯಾಲೆ ಎಂಸಿಎಚ್ನಂಥ ಸೂಪರ್ ಸ್ಪೆಷಾಲಿಟಿ ಕೋರ್ಸಿಗೆ ಸೇರೂ ಪರೀಕ್ಷೆ. ನಿಮಗ ಗೊತ್ತಿದ್ದದ್ದ, ಸರ್ಜಿಕಲ್ ಗ್ರೂಪಿಗೆ ಒಂದ ಪೇಪರ್ ಒಂದ ರ‍್ಯಾಂಕ್, ಆಮ್ಯಾಲೆ ಕೌನ್ಸೆಲಿಂಗ್‌ನ್ಯಾಗ ಬ್ರಾಂಚ್ ಆರಿಸ್ಕೋಬೇಕು, ಅಲ್ಲೆ ಎಲ್ಲಾರೂ ಮೊದ್ಲ ಗ್ಯಾಸ್ಟ್ರೋ, ಯುರಾಲಜಿ, ಆಂಕೋ, ಪ್ಲಾಸ್ಟಿಕ್ ಹಿಡಿತಾರ, ಪೀಡಿಯಾಟ್ರಿಕ್ ಸರ್ಜರಿ ಸೀಟು ಕಡೀ ರೌಂಡಿನ ತನಕ ಹಂಗ ಉಳಿತಾವ, ಕಟ್ ಆಫ್ ಇಳಿಸಿದ್ರೂ ಎಲ್ಲಾ ತುಂಬೂದಿಲ್ಲ. ನನಗ ಮಾತ್ರ ಪೋಸ್ಟಿಂಗ್ ಮಾಡಿದಾಗಿಂದ ಅದ ಬ್ರಾಂಚು ತಲ್ಯಾಗ ಕುಂತೈತಿ.

ಮನ್ಯಾಗ ಹೇಳಿದ್ರ ಅಪ್ಪಾ ಅಂತಾರ, ಇಷ್ಟ ಓದಿ ಸಣ್ಣ ಹುಡುಗೂರ ಡಾಕ್ಟರ್ ಆಗ್ತಿಯಾ ಅಂತ. ಸೀನಿಯರ್ಸ್ ಅಂತಾರ, ಮೂರು ವರ್ಷ ದುಡಿದು ಹೊರಗ ಬಂದ್ರ ಮತ್ತ ಹರ್ನಿಯಾ ಹೈಡ್ರೋಸಿಲ್ ಮಾಡ್ಕೋತ ಕುಂದ್ರಬೇಕು, ಅದನ್ನ ಈಗೂ ಮಾಡ್ತಿ ಅಲ್ಲ ಅಂತ. ನನಗ ಗೊತ್ತಾಗಬೇಕಾಗಿದ್ದು ಏನಂದ್ರ ಕೈಯಾಗ ಕೇಸ್ ಕೊಡ್ತಾರೋ ಇಲ್ಲೋ, ಡ್ಯೂಟಿ ಹೆಂಗಿರ್ತಾವು, ಮನಸಿನ ಮ್ಯಾಲೆ ಎಷ್ಟು ಬೀಳ್ತೈತಿ, ಮತ್ತ ಮುಗಿಸಿದ ಮ್ಯಾಲೆ ನಮ್ಮ ಕಡೆ ಬಂದು ಕೆಲಸ ಮಾಡಾಕ ಆಕ್ಕೈತೋ ಇಲ್ಲ ಬೆಂಗಳೂರಾಗ ಉಳಿಯೂದೋ. ನನ್ನ ತಂಗಿನೂ ಎಂಬಿಬಿಎಸ್ ಮುಗಸಾಕತ್ತಾಳ, ಆಕಿಗೂ ಇದರಾಗ ಆಸಕ್ತಿ ಐತಿ, ಎಂಎಸ್ ಮಾಡದ ನೇರ ಆರು ವರ್ಷದ ಕೋರ್ಸ್ ಇರ್ತೈತಿ ಅಂತಾರಲ್ಲ ಅದರ ಬಗ್ಗೆನೂ ಯಾರರ ಹೇಳ್ರಿ.

—

ವಿಜಯಪುರದಾಕಿ (ಎಂಸಿಎಚ್ ಮೂರನೇ ವರ್ಷ, ಸದ್ಯ ಬೆಂಗಳೂರು)

ತಮ್ಮಾ, ನಾ ಒಳಗ ಇದ್ದು ಬರೀಲಿಕತ್ತೀನಿ, ಉದ್ದ ಆಗ್ತದ, ಸಾವಕಾಶ ಓದು.

ಮೊದಲನೇ ವರ್ಷ ನಿನಗ ಅನ್ನಿಸೂದು ಏನಂದ್ರ ನಾ ಎಂಎಸ್ ಮುಗಿಸಿ ಬಂದೀನಿ, ಹೊಟ್ಟಿ ತಗದು ಕರುಳು ಜೋಡಿಸೀನಿ, ಇಲ್ಲಿ ಯಾಕ ನನ್ನ ಕಡಿಂದ ಬರೇ ಡ್ರಿಪ್ಪಿನ ಲೆಕ್ಕ ಹಾಕಸ್ಲಿಕತ್ತಾರ ಅಂತ. ಆ ಲೆಕ್ಕನ ಅರ್ಧ ಕಲಿಕಿ ನೋಡು. ಎರಡೂವರೆ ಕೆಜಿ ಕೂಸಿನ ಮೈಯಾಗ ಇರೂ ರಕ್ತ ಎಲ್ಲಾ ಕೂಡಿ ಸುಮಾರು 200 ಎಂಎಲ್, ದೊಡ್ಡವರ ಆಪರೇಷನ್‌ದಾಗ ಹೀರಿ ಬಕೆಟ್ಟಿಗೆ ಒಗದು ಮರಿತೀವಲ್ಲ ಅಷ್ಟು. ಅದಕ್ಕ ಇಲ್ಲಿ ರಕ್ತ ಒರಸೂ ಒಂದೊಂದು ಗಾಜ್ ಬಟ್ಟಿ ತುಂಡೂ ಲೆಕ್ಕ. ಫ್ಲೂಯಿಡ್ ತಾಸಿಗೆ ಕೆಜಿಗೆ ಇಷ್ಟು ಎಂಎಲ್ ಅಂತ ಬರೀಬೇಕು, ಗ್ಲೂಕೋಸ್ ಇಳೀತದ, ಮೈ ತಣ್ಣಗಾಗ್ತದ, ಕೂಸು ತಣ್ಣಗಾದ್ರ ರಕ್ತ ಹೆಪ್ಪುಗಟ್ಟೂದೂ ಕೆಡ್ತದ ಉಸಿರೂ ಕೆಡ್ತದ. ಓಟಿ ಒಳಗ ಏಸಿ ಬಂದ್ ಮಾಡಿ ವಾರ್ಮರ್ ಹಚ್ಚಿ, ನಾವು ಗೌನಿನೊಳಗ ಬೆವತು ತೊಯ್ದು ನಿಂತಿರ್ತೀವಿ, ಅದು ಬ್ಯಾಸಿಗಿಯಾಗ ಹೆಂಗಿರ್ತದ ವಿಚಾರ ಮಾಡು.

ಕೇಸ್ ಕೊಡ್ತಾರಾ ಅಂತ ಕೇಳೀದಿ. ಕೊಡ್ತಾರ, ಆದ್ರ ತಡಾ ಆಗ್ತದ, ತಡಾ ಆಗೂದಕ್ಕ ಕಾರಣನೂ ಅದ. ನಿನ್ನ ಸೀನಿಯರ್ಸ್ ಹರ್ನಿಯಾ ಅಂತ ಹಗುರ ಮಾತಾಡಿದ್ರಲ್ಲ, ದಿನಾ ತುಂಬದ ಹುಟ್ಟಿದ ಕೂಸಿನ ಹರ್ನಿಯಾ ಮಾಡಿ ನೋಡ್ಲಿ. ಸ್ಯಾಕ್, ಅಂದ್ರ ಹರ್ನಿಯಾದ ಚೀಲ, ಅನ್ನೂದು ಉಳ್ಳಾಗಡ್ಡಿ ಒಳಪದರಿನಂಗ ಇರ್ತದ, ಹಿಡಿದ್ರ ಹರೀತದ, ಅದರ ಬೆನ್ನಿಗೆ ವಾಸ್ (ವೀರ್ಯನಾಳ) ಮತ್ತ ರಕ್ತನಾಳ ಅಂಟಿಕೊಂಡಿರ್ತಾವ, ಅವಕ್ಕ ಪೆಟ್ಟಾದ್ರ ಆ ಹುಡುಗಗ ಮುಂದ ಇಪ್ಪತ್ತೈದು ವರ್ಷದ ಮ್ಯಾಲೆ ಗೊತ್ತಾಗ್ತದ. ಅದಕ್ಕ ಮೊದಲ ತಿಂಗಳುಗಳೊಳಗ ನೀ ಎದುರಿಗೆ ನಿಂತು ಅಸಿಸ್ಟ್ ಮಾಡ್ತಿ, ಆಮ್ಯಾಲೆ ದೊಡ್ಡ ಹುಡುಗೂರ ಹೈಡ್ರೋಸಿಲ್, ಹರ್ನಿಯಾ, ಅಪೆಂಡಿಕ್ಸು, ಕೊಲೊಸ್ಟಮಿ (ಮಲ ಹೋಗ್ಲಿಕ್ಕೆ ಹೊಟ್ಟಿ ಮ್ಯಾಲೆ ಕರುಳಿನ ದಾರಿ ಮಾಡೂದು), ಎರಡನೇ ವರ್ಷ ವೃಷಣ ಕೆಳಗಿಳಿಸೂದು, ಪೈಲೋರಿಕ್ ಸ್ಟೆನೋಸಿಸ್ (ಜಠರದ ಬಾಯಿ ಬಿಗಿಯಾಗೂದು), ಇಂಟಸಸೆಪ್ಷನ್ (ಕರುಳಿನೊಳಗ ಕರುಳು ಸೇರೂದು), ಹಂಗ ಏರ್ಕೋತ ಹೋಗ್ತದ. ಹುಟ್ಟಿದ ಕೂಸಿನ ಅನ್ನನಾಳ ಜೋಡಿಸೂದು, ಟಿಇಎಫ್ ಅಂತೀವಲ್ಲ, ಅಂದ್ರ ಅನ್ನನಾಳ ಉಸಿರುನಾಳಕ್ಕ ಕೂಡಿರೂ ದೋಷ (ಆ ಕೂಡಿದ ದಾರಿನ ಫಿಸ್ಟುಲಾ), ಅದು ಮೂರರಿಂದ ನಾಕೂವರೆ ಸಾವಿರ ಹೆರಿಗ್ಯಾಗ ಒಂದು ಕೂಸಿಗೆ ಇರ್ತದ, ಅಂದ್ರ ಒಂದು ಯೂನಿಟ್ಟಿಗೆ ಬರೂವ ಕಡಿಮಿ, ಬಂದವನ್ನ ಕನ್ಸಲ್ಟಂಟು, ಸೀನಿಯರ್ ರೆಸಿಡೆಂಟು, ನೀನು ಮೂರೂ ಮಂದಿ ಹಂಚ್ಕೋಬೇಕು. ನನಗ ಮೊದಲ ಸಲ ಫಿಸ್ಟುಲಾ ಕಟ್ಟಿಸಿದ್ದು ಎರಡನೇ ವರ್ಷದ ಕಡೀಕ, ಸರ್ ಎದುರು ನಿಂತು ಒಂದೊಂದು ಹೊಲಿಗಿಗೂ ಮಾತಾಡಿ ಮಾಡಿಸಿದ್ರು. 6-0 ಅನ್ನೂ ಭಾಳ ಸಣ್ಣ ದಾರದ ಹೊಲಿಗಿ, ಕಣ್ಣಿಗೆ ಲೂಪ್ (ದೊಡ್ಡದಾಗಿ ತೋರಿಸೂ ಕನ್ನಡಕ), ಬೆರಳು ಅಳ್ಳಾಡಂಗಿಲ್ಲ. ಆವತ್ತಿನ ಖುಷಿ ಬರದು ಹೇಳ್ಲಿಕ್ಕಾಗೂದಿಲ್ಲ.

ಮತ್ತ ಈ ಬ್ರಾಂಚಿನ್ಯಾಗ ಪೇಷಂಟ್ ನಿನ್ನ ಬಿಟ್ಟು ಹೋಗೂದಿಲ್ಲ. ಮಲದ್ವಾರ ಇಲ್ಲದ ಹುಟ್ಟಿದ ಗಂಡು ಕೂಸಿಗೆ ಸಾಮಾನ್ಯವಾಗಿ ಮೊದಲ ಕೊಲೊಸ್ಟಮಿ, ತಿಂಗಳುಗಳು ಬಿಟ್ಟು ದ್ವಾರ ಮಾಡೂ ಆಪರೇಷನ್, ಆಮ್ಯಾಲೆ ಕೊಲೊಸ್ಟಮಿ ಮುಚ್ಚೂದು. ಒಂದ ಕೂಸನ್ನ ನೀ ಮೂರು ಸಲ ಟೇಬಲ್ ಮ್ಯಾಲೆ ನೋಡ್ತಿ, ನಡುವ ಓಪಿಡಿಯಾಗ ಹತ್ತಾರು ಸಲ. ಅವ್ವಗ ಸ್ಟೋಮಾ (ಹೊಟ್ಟಿ ಮ್ಯಾಲಿನ ಆ ಕರುಳಿನ ಬಾಯಿ) ತೊಳಿಯೂದು, ಸುತ್ತಲಿನ ಚರ್ಮ ಹುಣ್ಣಾಗಲಾರದಂಗ ನೋಡೂದು, ಬ್ಯಾಗ್ ತರ್ಲಿಕ್ಕೆ ರೊಕ್ಕ ಇಲ್ಲಂದ್ರ ಹಳೀ ಮೆತ್ತಗಿನ ಅರಿವಿ ಹೆಂಗ ಕಟ್ಟಬೇಕು, ಇದೆಲ್ಲಾ ಹೇಳಿಕೊಡೂದು ರೆಸಿಡೆಂಟ್ ಕೆಲಸ. ಯಾ ಪುಸ್ತಕದಾಗೂ ಇಷ್ಟು ಬರದಿಲ್ಲ, ಸಿಸ್ಟರ್‌ಗಳ ಕಡಿಂದ ಕಲಿಬೇಕು, ಅವರು ನಮಗಿಂತ ಭಾಳ ತಿಳಿದವರಿರ್ತಾರ.

ಡ್ಯೂಟಿ ವಿಷಯ ನೇರ ಹೇಳ್ತೀನಿ. ಎನ್ಎಂಸಿ (ರಾಷ್ಟ್ರೀಯ ವೈದ್ಯಕೀಯ ಆಯೋಗ) 2023ರ ಪಿಜಿ ನಿಯಮದಾಗ ಯೋಗ್ಯ ಹೊತ್ತಿನ ಕೆಲಸ, ವಾರಕ್ಕೊಂದು ರಜಾ ಅಂತ ಅದ, 2024ರಾಗ ಎನ್ಎಂಸಿಯ ಮಾನಸಿಕ ಆರೋಗ್ಯ ಸಮಿತಿ ವಾರಕ್ಕ 74 ತಾಸಿಗಿಂತ ಹೆಚ್ಚಿಗಿ ಬ್ಯಾಡ ಅಂತ ಹೇಳ್ತು. ಸೀಟು ಖಾಲಿ ಬಿದ್ದ ವಿಭಾಗದಾಗ ಇದು ನಡಿಯೂದಿಲ್ಲ, ಯಾಕಂದ್ರ ಆರು ಮಂದಿ ಮಾಡೂ ಡ್ಯೂಟಿ ಇಬ್ಬರು ಮೂವರ ಮ್ಯಾಲೆ ಬೀಳ್ತದ, ಅವರ ಪಾಡು ನೋಡಿ ಮುಂದಿನ ವರ್ಷದವರು ಬರೂದಿಲ್ಲ, ಮತ್ತ ಖಾಲಿ. ಈ ಬ್ರಾಂಚಿನ ದೊಡ್ಡ ರೋಗ ಇದ, ಕೂಸುಗಳು ಸಣ್ಣವು ಅನ್ನೂದಲ್ಲ. ಅದಕ್ಕ ಸೀಟು ಆರಿಸೂ ಮುಂದ ಕಾಲೇಜಿನ ಹೆಸರಿಗಿಂತ ಈಗ ಅಲ್ಲಿ ಮೂರೂ ವರ್ಷದಾಗ ರೆಸಿಡೆಂಟ್ ಎಷ್ಟು ಮಂದಿ ಇದ್ದಾರ ಕೇಳು.

ಮನಸಿನ ಮ್ಯಾಲೆ ಬೀಳ್ತದೇನು ಅಂತ ಕೇಳೀದಿ, ಬೀಳ್ತದ. ಅದರ ಬಗ್ಗೆ ಬೇಕಾದ್ರ ಬ್ಯಾರೆ ಕುಂತು ಮಾತಾಡೋಣು.

—

ಬಾಗಲಕೋಟಿ ಡಾಕ್ಟರ್ (ಪೀಡಿಯಾಟ್ರಿಕ್ ಸರ್ಜನ್, ಪ್ರಾಕ್ಟೀಸ್)

ಮ್ಯಾಲಿನ ನಮ್ಮ ತಂಗಿ ಬರೆದಿದ್ದೆಲ್ಲಾ ಖರೆ. ನಾ ಊರಿಗೆ ಬಂದು ಕೆಲಸ ಮಾಡೂ ಮಾತು ಹೇಳ್ತೀನಿ, ಯಾಕಂದ್ರ ಟ್ರೈನಿಂಗ್‌ನ್ಯಾಗ ಏನ್ ಕಲಿಬೇಕು ಅನ್ನೂದು ಇಲ್ಲೆ ಬಂದ ಮ್ಯಾಲೆ ಗೊತ್ತಾಕ್ಕೈತಿ.

ಜಮಖಂಡಿ, ಮುಧೋಳ, ಬಾದಾಮಿ, ಇಳಕಲ್, ಹುನಗುಂದ ಈ ಕಡಿಂದ ಕೂಸು ಬರೂದು ಯಾವಾಗ್ಲೂ ತಡಾ ಆಗಿರ್ತೈತಿ. ಹುಟ್ಟಿದ ಕೂಸು ಹಸರು ವಾಂತಿ ಮಾಡಿದ್ರ ಅದು ಕರುಳಿನ ತೊಂದರಿ ಅಲ್ಲ ಅಂತ ಸಿದ್ಧ ಆಗೂ ತನಕ ಆಪರೇಷನ್ ಕೇಸು ಅಂತನ ತಿಳ್ಕೋಬೇಕು, ಕರುಳು ತಿರುವಿ ಕುಂತಿದ್ರ ತಾಸುಗಳ ಆಟ. ಇದನ್ನ ಹೆರಿಗಿ ಆಸ್ಪತ್ರಿ ಸಿಸ್ಟರ್‌ಗೆ, ಪಿಎಚ್‌ಸಿ ಡಾಕ್ಟರ್‌ಗೆ, ಆಶಾ ಕಾರ್ಯಕರ್ತಿಗೆ ಹೇಳವರು ಬೇಕು. ಕಾಮಾಲಿ ಎರಡು ವಾರ ದಾಟಿದ್ರೂ ಇಳೀದ, ಕಕ್ಕ ಬೆಳ್ಳಗ ಸುಣ್ಣದ ಬಣ್ಣ ಆದ್ರ ಬೈಲಿಯರಿ ಅಟ್ರೇಸಿಯಾ (ಪಿತ್ತನಾಳ ಮುಚ್ಚಿರೂದು) ಇರಬೋದು. ಕಸಾಯಿ ಅನ್ನೂ ಜಪಾನಿ ಸರ್ಜನ್ 1959ರಾಗ ಪ್ರಕಟ ಮಾಡಿದ ಆಪರೇಷನ್ ಇವತ್ತಿಗೂ ಅದಕ್ಕ ಮೊದಲ ದಾರಿ, ಅದೂ ಹುಟ್ಟಿ 60 ದಿನದೊಳಗ ಆದ್ರ ಚಲೋ ಫಲ. ನಮ್ಮ ಕಡೆ ಏನ್ ಮಾಡ್ತಾರ, ಎಳಿ ಬಿಸಲಿಗೆ ಹಿಡಿತಾರ, ಬೇರು ಕಟ್ಟಿಸ್ತಾರ, ಮೂರು ತಿಂಗಳಿಗೆ ತರ್ತಾರ. ತಾಯಿ ತಂದಿಗೆ ಬೈದು ಉಪಯೋಗ ಇಲ್ಲ, ಅವರಿಗೆ ಯಾರೂ ಹೇಳಿರೂದಿಲ್ಲ. ವೃಷಣ ಇಳಿದಿಲ್ಲಂದ್ರ ಆರು ತಿಂಗಳಿಂದ ಒಂದೂವರೆ ವರ್ಷದೊಳಗ ಆಪರೇಷನ್ ಮುಗಿಬೇಕು, ಬರೂದು ಸಾಲಿಗೆ ಹೋಗೂ ಹುಡುಗೂರು, ದೊಡ್ಡಾಂವ ಆದ್ರ ತಾನ ಇಳಿತೈತಿ ಅಂತ ಹಿರ್ಯಾರು ಹೇಳಿರ್ತಾರ. ಸುಗ್ಗಿಯಾಗ ಶೇಂಗಾ ಬೀಜ ಉಸಿರುನಾಳಕ್ಕ ಹೋದ ಕೂಸುಗಳು ಬರ್ತಾವ, ಕೆಲವು ಕಡೆ ಇಎನ್‌ಟಿಯವರು ತೆಗಿತಾರ ಕೆಲವು ಕಡೆ ನಾವು, ರಿಜಿಡ್ ಬ್ರಾಂಕೋಸ್ಕೋಪಿ ಟ್ರೈನಿಂಗ್‌ನ್ಯಾಗ ಕೈಗೆ ಹತ್ತಿಸ್ಕೊಂಡು ಬಾ, ಇಲ್ಲೆ ಬಂದ ಮ್ಯಾಲೆ ಕಲಸವರು ಇರೂದಿಲ್ಲ.

ದುಡ್ಡಿನ ಮಾತು. ಪ್ರಾಕ್ಟೀಸ್‌ನ್ಯಾಗ ದಿನನಿತ್ಯದ ಅನ್ನ ಹರ್ನಿಯಾ, ಹೈಡ್ರೋಸಿಲ್, ವೃಷಣ, ಹೈಪೋಸ್ಪೇಡಿಯಸ್ (ಮೂತ್ರದ ದ್ವಾರ ಶಿಶ್ನದ ಕೆಳಗಡೆ ಇರೂದು), ಮೂತ್ರದ ತೊಂದರಿ ಇವುಗಳಿಂದನ. ಹುಟ್ಟಿದ ಕೂಸಿನ ದೊಡ್ಡ ಆಪರೇಷನ್‌ಗೆ ನಿನ್ನ ಒಬ್ಬನ ಕೈ ಸಾಲೂದಿಲ್ಲ, ಎನ್ಐಸಿಯು (ನವಜಾತ ಕೂಸುಗಳ ಐಸಿಯು) ಬೇಕು, ಸಣ್ಣ ವೆಂಟಿಲೇಟರ್ ಬೇಕು, ಕೂಸಿಗೆ ಅನಸ್ತೇಶಿಯಾ ಕೊಡಾಕ ಅಂಜದವರು ಬೇಕು, ಅದಕ್ಕ ಮೆಡಿಕಲ್ ಕಾಲೇಜಿನ ಜೋಡಿ ಇದ್ರ ಚಲೋ. ಬೆಳಗಾವಿ, ಬಾಗಲಕೋಟಿ, ವಿಜಯಪುರ ಮೂರೂ ಊರಾಗ ಮೆಡಿಕಲ್ ಕಾಲೇಜ್ ಅದಾವ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಬಂದ ಮ್ಯಾಲೆ ರೊಕ್ಕ ಇಲ್ಲಂತ ಕೂಸನ್ನ ತಿರುಗಿ ಕರ್ಕೊಂಡು ಹೋಗೂದು ಕಡಿಮಿ ಆಗೈತಿ, 2013ರಿಂದ ನಡದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಡಾಕ್ಟರ್‌ಗಳು ಅಂಗನವಾಡಿ ಸಾಲಿಗೆ ಹೋಗಿ ಹುಡುಕಿ ಕಳಸ್ತಾರ. ಅವರ ಫೋನ್ ನಂಬರ್ ಇಟ್ಕೊಂಡಾಂವಗ ನಮ್ಮ ಕಡೆ ಕೆಲಸದ ಬರ ಇಲ್ಲ. ಗ್ಯಾಸ್ಟ್ರೋ ಸರ್ಜನ್‌ನಷ್ಟು ಗಳಕಿ ಬರೂದಿಲ್ಲ, ಅದನ್ನ ಈಗ ತಿಳ್ಕೊಂಡು ಬಾ.

ಇನ್ನ ನಿಮ್ಮ ಅಪ್ಪಾರಿಗೆ ಒಂದ ಮಾತು ಹೇಳು. ಅನ್ನನಾಳ ಕೂಡದ ಹುಟ್ಟಿದ ಕೂಸು 1941ಕ್ಕ ಮುಂಚೆ ಹೆಚ್ಚುಕಡಿಮಿ ಉಳೀತಿದ್ದಿಲ್ಲ. ಆ ವರ್ಷ ಅಮೆರಿಕಾದಾಗ ಕ್ಯಾಮರಾನ್ ಹೇಟ್ ಅನ್ನಾಂವ ಒಂದ ಆಪರೇಷನ್‌ದಾಗ ಎರಡೂ ತುದಿ ಜೋಡಿಸಿದ ಕೂಸು ಮೊದಲ ಸಲ ಬದುಕಿತು. ಇವತ್ತು ಬ್ಯಾರೆ ದೋಷ ಇರದ, ತೂಕ ಚಲೋ ಇದ್ದ ಕೂಸು ಒಳ್ಳೆ ಕೇಂದ್ರದಾಗ ಬಹುತೇಕ ಉಳಿತಾವ. ಸಣ್ಣ ಹುಡುಗೂರ ಡಾಕ್ಟರ್ ಅಂದ್ರ ಇದು.

—

ಮೈಸೂರು ಟು ಬೆಳಗಾವಿ (ಅನಸ್ತೇಶಿಯಾ)

ನಾನು ಸರ್ಜನ್ ಅಲ್ಲ, ಟೇಬಲ್‌ನ ತಲೆ ಕಡೆ ಕೂರೋಳು, ಒಂದೇ ವಿಷ್ಯ ಸೇರಿಸ್ತೀನಿ. ಟಿಇಎಫ್ ಮಾಡುವಾಗ ಬಲಗಡೆ ಎದೆ ತೆಗೆದು ಶ್ವಾಸಕೋಶನ ಪಕ್ಕಕ್ಕೆ ಒತ್ತಿ ಹಿಡಿದಿರ್ತಾರೆ, ಸ್ಯಾಚುರೇಷನ್ (ರಕ್ತದಲ್ಲಿನ ಆಕ್ಸಿಜನ್ ಮಟ್ಟ) 90, 80, 70 ಅಂತ ಇಳಿಯೋಕೆ ಶುರುವಾಗತ್ತೆ, ಆಗ ನಾನು ಬಿಡಿ ಅಂದ ಕ್ಷಣ ಕೈ ತೆಗೀಬೇಕು, ಹೊಲಿಗೆ ಅರ್ಧ ಆಗಿದ್ರೂ ಸರಿ. ಒಳ್ಳೆ ಗುರುಗಳ ಹತ್ರ ಕಲಿತ ರೆಸಿಡೆಂಟ್ ಮಾನಿಟರ್ ಶಬ್ದ ಕೇಳಿನೇ ಕೈ ಸಡಿಲ ಮಾಡ್ತಾರೆ, ನಾನು ಹೇಳೋ ಮುಂಚೆ, ಪಲ್ಸ್ ಆಕ್ಸಿಮೀಟರ್ ಸ್ವರ ಇಳಿಯೋದು ಅವರ ಕಿವಿಗೆ ಬಿದ್ದಿರತ್ತೆ. ಅದನ್ನ ಕಲಿಯೋಕೆ ಜೊತೆಗೆ ಸರಿಯಾದ ಪೀಡಿಯಾಟ್ರಿಕ್ ಅನಸ್ತೇಶಿಯಾ ಟೀಮ್ ಇರ್ಲೇಬೇಕು. ಕಾಲೇಜು ನೋಡೋಕೆ ಹೋದಾಗ ಸರ್ಜರಿ ವಿಭಾಗದವರನ್ನ ಮಾತ್ರ ಮಾತಾಡಿಸಬೇಡಿ, ರಾತ್ರಿ ಎರಡು ಗಂಟೆಗೆ ನವಜಾತ ಶಿಶು ಕೇಸ್ ಬಂದ್ರೆ ಅನಸ್ತೇಶಿಯಾಗೆ ಯಾರು ಬರ್ತಾರೆ ಅಂತ ಕೇಳಿ. ಯಾರೂ ಇಲ್ಲ ಅಂದ್ರೆ ಕೇಸ್‌ಗಳೆಲ್ಲ ಬೇರೆ ಊರಿಗೆ ಹೋಗ್ತವೆ, ನೀವು ಮೂರು ವರ್ಷ ರೆಫರಲ್ ಲೆಟರ್ ಬರೀತಾ ಇರ್ತೀರ.

—

ಕೋರ್ಸ್ ಬಿಟ್ಟಾಂವ (ವಿಜಯಪುರ)

ಎಲ್ಲಾರೂ ಚಲೋದ ಬರದೀರಿ, ನನ್ನದೂ ಇರಲಿ. ನಾ ಇದ ಬ್ರಾಂಚಿಗೆ ಸೇರಿ ಮೊದಲನೇ ವರ್ಷ ಮುಗಿಯೂದ್ರೊಳಗ ಬಿಟ್ಟೆ. ಊರು ಕಾಲೇಜು ಹೇಳೂದಿಲ್ಲ, ರಾಜ್ಯದ ಹೊರಗ. ಬಿಟ್ಟಿದ್ದು ಕೂಸುಗಳ ಸಲುವಾಗಿ ಅಲ್ಲ, ಕೇಸ್ ಭಾಳ ಬರ್ತಿದ್ದವು, ಆದ್ರ ಚಾಕು ಒಬ್ಬರ ಕೈಯಾಗ. ಮೂರನೇ ವರ್ಷದವರೂ ರಿಟ್ರಾಕ್ಟರ್ ಹಿಡ್ಕೊಂಡ ನಿಂದ್ರತಿದ್ರು, ಹೊರಗ ಹೋದ್ರ ತಾವ ಒಂದು ಕೊಲೊಸ್ಟಮಿ ಮಾಡಾಕ ಧೈರ್ಯ ಇರಲಿಲ್ಲ. ಕೂಸು ಸತ್ತ ದಿನ ಅಪ್ಪ ಅವ್ವಗ ಹೇಳಾಕ ಮಾತ್ರ ಮೊದಲನೇ ವರ್ಷದಾಂವನ್ನ ಒಬ್ಬನ್ನ ಕಳಸೂದು, ಅವರ ಭಾಷಾನೂ ನನಗ ಬರತಿದ್ದಿಲ್ಲ. ಬಂದ ಮ್ಯಾಲೆ ಯಾರೂ ಏನ್ ಆತು ಅಂತ ಕೇಳತಿದ್ದಿಲ್ಲ, ಮುಂದಿನ ಕೇಸ್ ಲಿಸ್ಟ್ ಬರಿ ಅನ್ನೂದು. ಸೀಟು ಬಿಟ್ಟಿದ್ದಕ್ಕ ಬಾಂಡ್ ರೊಕ್ಕಾನೂ ಕಟ್ಟಿದೆ, ಅಪ್ಪ ಹೊಲದ ಮ್ಯಾಲೆ ಸಾಲ ತಗೊಂಡ.

ಈಗ ಜನರಲ್ ಸರ್ಜನ್ ಆಗಿ ಸಮಾಧಾನದಾಗ ಅದೇನಿ. ಬ್ರಾಂಚ್ ಕೆಟ್ಟದ್ದಂತ ಹೇಳೂದಿಲ್ಲ. ಪೋಸ್ಟಿಂಗ್‌ನ್ಯಾಗ ಹುಟ್ಟಿದ ಆಸಕ್ತಿ ಒಂದನ್ನ ನಂಬಿ ಯಾವುದರ ಸೀಟು ಸಿಕ್ರ ಸಾಕು ಅಂತ ಹೋಗಬ್ಯಾಡ ಅಂತ ಅಷ್ಟ.

—

ವಿಜಯಪುರದಾಕಿ

ಅಣ್ಣಾರ, ನೀವು ಬರೆದದ್ದು ಓದಿ ಭಾಳ ಹೊತ್ತು ಸುಮ್ಮನ ಕುಂತೆ. ನಾ ಮನಸಿನ ವಿಷಯ ಬ್ಯಾರೆ ಮಾತಾಡೋಣು ಅಂತ ಬಿಟ್ಟಿದ್ದೆ, ಇಲ್ಲೇ ಬರೀತೀನಿ, ಇದು ಮುಚ್ಚಿಟ್ಟು ಮಾತಾಡೂ ಸಂಗತಿ ಅಲ್ಲ.

ನಮ್ಮ ಯೂನಿಟ್‌ದಾಗ ಕೂಸು ಹೋದ್ರ ಕನ್ಸಲ್ಟಂಟ್ ತಾವ ಬಂದು ಕುಂತು ತಾಯಿ ತಂದಿ ಜೋಡಿ ಮಾತಾಡ್ತಾರ, ನಾವು ಬಾಜೂಕ ಇರ್ತೀವಿ. ಹೆಂಗ ಹೇಳಬೇಕು, ಎಷ್ಟು ಹೇಳಿ ನಿಲ್ಲಿಸಬೇಕು, ಅಜ್ಜಿ ಸೊಸಿನ್ನ ಬೈಲಿಕ್ಕೆ ಶುರು ಮಾಡಿದ್ರ ಹೆಂಗ ತಡೀಬೇಕು, ಅದನ್ನ ನೋಡೇ ಕಲಿತೀನಿ. ಯಾಕಂದ್ರ ನಮ್ಮ ಕಡೆ ಕೂಸಿಗೆ ಏನರ ಹುಟ್ಟಾ ದೋಷ ಇದ್ರ ಮೊದಲ ಮಾತು ಬರೂದು ತಾಯಿ ಮ್ಯಾಲೆ, ಗ್ರಹಣ ನೋಡಿದ್ದಳು, ಅದು ತಿಂದಿದ್ದಳು ಅಂತ. ಇದು ನಿನ್ನ ತಪ್ಪಲ್ಲ ಅಂತ ಎಲ್ಲಾರ ಮುಂದ ಡಾಕ್ಟರ್ ಬಾಯಿಂದ ಬರಬೇಕು, ಗಂಡನ ಮುಂದ, ಅತ್ತಿ ಮುಂದ. ಅಷ್ಟು ಹೇಳಿದ್ರ ಆ ಹೆಣ್ಣುಮಗಳು ಮನ್ಯಾಗ ಬದುಕ್ತಾಳ. ಇದನ್ನ ಕಲಿಸೂ ಗುರು ಸಿಕ್ರ ಕೈ ಕೆಲಸ ತಾನ ಬರ್ತದ, ಇದು ಇಲ್ಲದಲ್ಲಿ ಕೈ ಕೆಲಸನೂ ಕಲಸೂದಿಲ್ಲ ಅನ್ನೂದು ನಿಮ್ಮ ಅನುಭವದಾಗನ ಅದ.

—

ಹುನಗುಂದ ತಾಲೂಕು, ಪಾಲಕ

ನಮಸ್ಕಾರ್ರಿ, ನಾ ಡಾಕ್ಟರ್ ಅಲ್ಲರೀ, ಪ್ರೈಮರಿ ಸಾಲಿ ಮಾಸ್ತರ್. ನನ್ನ ಮಗಾ ಹುಟ್ಟಿದಾಗ ಅವಂಗ ಹಿಂದಿನ ದಾರಿನ ಇರಲಿಲ್ರೀ. ಆಂಬುಲೆನ್ಸ್‌ನ್ಯಾಗ ದೊಡ್ಡಾಸ್ಪತ್ರಿಗೆ ಒಯ್ದ್ವಿ, ಅಲ್ಲೆ ಕೂಡ್ಲೇ ಆಪರೇಷನ್ ಮಾಡ್ಲಿಲ್ಲ, ನಾವು ಗಾಬರಿ ಬಿದ್ದು ಜಗಳಾಡಾಕ ಹತ್ತಿದ್ವಿ. ಆಗ ಅಲ್ಲೆ ಕಲಿಯಾಕ ಬಂದಿದ್ದ ಡಾಕ್ಟರ್ ಬಾಯಾರು, ಸಣ್ಣ ವಯಸ್ಸು, ನನ್ನ ಹೊರಗ ಕರ್ಕೊಂಡು ಬಂದು ಒಂದು ಹಾಳಿ ಮ್ಯಾಲೆ ಕರುಳಿನ ಚಿತ್ರ ತಗದು ತೋರಿಸಿದ್ರು. ಒಂದು ದಿವಸದ ತನಕ ಕಾಯ್ತೀವ್ರೀ, ಗಾಳಿ ಕೆಳಗ ಇಳಿದ್ರ ಕರುಳು ಎಲ್ಲಿ ತನಕ ಬಂದೈತಿ, ಮೂತ್ರದಾಗ ಮಲ ಕಾಣ್ತೈತೇನು ಗೊತ್ತಾಕ್ಕೈತಿ, ಅದರ ಮ್ಯಾಲೆ ಯಾವ ಆಪರೇಷನ್ ಅಂತ ತೀರ್ಮಾನ ಅಂದ್ರು. ಅಲ್ಲೀ ತನಕ ಯಾರೂ ಹಂಗ ತಿಳಿಸಿ ಹೇಳಿದ್ದಿಲ್ರೀ. ಆ ಹಾಳಿ ಇನ್ನೂ ನನ್ನ ಕಡೆ ಐತಿ.

ಎರಡನೇ ಆಪರೇಷನ್ ಆದ ಮ್ಯಾಲೆ ದಾರಿ ಸಣ್ಣದಾಗಬಾರ್ದಂತ ದಿನಾ ಎರಡು ಸಲ ಡೈಲೇಟರ್ ಹಾಕೂದು ಇರ್ತೈತಿ, ನನ್ನ ಹೆಂಡತಿ ಕೈ ನಡುಗಿ ಅಳತಿದ್ಲು, ಅವರು ಆಕಿ ಕೈ ಹಿಡಿದು ಕಲಿಸಿದ್ರು, ಊರಿಗೆ ಬಂದ ಮ್ಯಾಲೂ ಫೋನ್ ಮಾಡಿ ಈ ವಾರ ಯಾವ ನಂಬರಿಂದು ಹಾಕಾಕತ್ತೀರಿ ಅಂತ ಕೇಳತಿದ್ರು. ಈಗ ಮಗಾ ಅಂಗನವಾಡಿಗೆ ಹೋಗ್ತಾನ್ರೀ.

ನನ್ನದೊಂದು ವಿನಂತಿ ಐತ್ರೀ. ಅವರ ಕೋರ್ಸ್ ಮುಗದು ಹ್ವಾದ್ರು, ಹೊಸದಾಗಿ ಬಂದವರಿಗೆ ನಾವು ಮತ್ತ ಮೊದಲಿಂದ ಎಲ್ಲಾ ಹೇಳಬೇಕಾತು. ನೀವು ಕಲಿತು ಹೋಗೂಮುಂದ ನಿಮ್ಮ ಕೂಸುಗಳನ್ನ ಮುಂದಿನವರಿಗೆ ಒಪ್ಪಿಸಿ ಹೋಗ್ರಿ, ಅವರ ಹೆಸರು ನಂಬರ್ ನಮಗ ಕೊಟ್ಟು ಹೋಗ್ರಿ.

—

ಬಾಗಲಕೋಟಿ ಡಾಕ್ಟರ್

ಮಾಸ್ತರ್ರ, ನಿಮ್ಮ ಮಾತು ನೂರಕ್ಕ ನೂರು ಖರೆ. ಇದನ್ನ ರೆಸಿಡೆಂಟ್‌ಗಳಿಗೆ ಬಿಡೂದಲ್ಲ, ವಿಭಾಗದಾಗ ಇಂಥ ಕೂಸುಗಳಿಗೆ ಬ್ಯಾರೆ ಕ್ಲಿನಿಕ್ ದಿನ ಇಟ್ಟು, ಒಬ್ಬ ಸಿಸ್ಟರ್‌ಗೆ ಜವಾಬ್ದಾರಿ ಕೊಡಬೇಕು, ಸಿಸ್ಟರ್ ವರ್ಷ ವರ್ಷ ಬದಲಾಗೂದಿಲ್ಲ. ನಿಮ್ಮ ಮಗಗ ಮೂರು ನಾಕು ವರ್ಷಕ್ಕ ಶೌಚದ ರೂಢಿ ಮಾಡಸೂ ಹೊತ್ತು ಬರ್ತೈತಿ, ಕಕ್ಕ ಗಟ್ಟಿ ಆಗಾಕ ಬಿಡಬ್ಯಾಡ್ರಿ, ಚಡ್ಡಿಯಾಗ ಹತ್ತಾಕತ್ರ ಬೈಯಬ್ಯಾಡ್ರಿ, ತಡಾ ಮಾಡದ ತೋರಸ್ರಿ. ಬಾಗಲಕೋಟಿಗೆ ಬಂದ್ರೂ ನಡಿತೈತಿ, ಹಳೀ ಕಾಗದ ಎಲ್ಲಾ ತಗೊಂಡ ಬರ್ರಿ.

—

ಗೋಕಾಕದ ಪಿಜಿ

ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಮಾಸ್ತರ್ ಬರೆದದ್ದನ್ನ ಅಪ್ಪಾಗ ಓದಿ ತೋರಿಸಿದೆ, ಏನೂ ಅನ್ಲಿಲ್ಲ, ಮತ್ತೊಮ್ಮೆ ಓದು ಅಂದ್ರು. ಕೋರ್ಸ್ ಬಿಟ್ಟ ಅಣ್ಣಾರ ಮಾತೂ ಮನಸಿಗೆ ನಾಟೈತಿ. ರಿಸಲ್ಟ್ ಬಂದ ಮ್ಯಾಲೆ ಕೌನ್ಸೆಲಿಂಗ್‌ಗೆ ಮುಂಚೆ ಎರಡು ಮೂರು ಕಡೆ ಖುದ್ದಾಗಿ ಹೋಗಿ ಬರ್ತೀನಿ. ಹೋದಾಗ ಏನೇನ್ ಕೇಳಬೇಕು ಅಕ್ಕಾರ, ಮತ್ತ ತಂಗಿಯ ಆರು ವರ್ಷದ ಪ್ರಶ್ನೆ ಹಂಗ ಉಳದೈತಿ.

—

ವಿಜಯಪುರದಾಕಿ

ತಂಗಿದ ಮೊದಲ ಹೇಳ್ತೀನಿ. ಆರು ವರ್ಷದ್ದು ಡಿಆರ್‌ಎನ್‌ಬಿ, ಅಂದ್ರ ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಡಿಗ್ರಿ, ನೀಟ್ ಪಿಜಿ ರ‍್ಯಾಂಕ್ ಮ್ಯಾಲೆ ಎಂಬಿಬಿಎಸ್ ಆದ ಕೂಡ್ಲೇ ಸೇರಬೋದು, ಎಂಎಸ್ ಮಾಡಿ ಮತ್ತೊಂದು ಪರೀಕ್ಷೆ ಬರಿಯೂ ತ್ರಾಸು ಇಲ್ಲ. ಆದ್ರ ಸೇರಿದ ದಿನನ ಬ್ರಾಂಚ್ ಖಾಯಂ ಆಗ್ತದ, ಎರಡು ವರ್ಷದ ಮ್ಯಾಲೆ ಬ್ಯಾಡ ಅನ್ಸಿದ್ರ ಕೈಯಾಗ ಜನರಲ್ ಸರ್ಜರಿ ಡಿಗ್ರಿನೂ ಇರೂದಿಲ್ಲ. ಆಕಿ ಇಂಟರ್ನ್‌ಶಿಪ್ ಒಳಗ ಪೀಡಿಯಾಟ್ರಿಕ್ ಸರ್ಜರಿ ಇರೂ ಕಡೆ ಸ್ವಲ್ಪ ದಿನ ಕೇಳ್ಕೊಂಡು ಹೋಗಿ ನಿಂತು ನೋಡ್ಲಿ, ಒಂದು ರಾತ್ರಿ ಡ್ಯೂಟಿನೂ ನೋಡ್ಲಿ, ಆಮ್ಯಾಲೆ ತೀರ್ಮಾನ ಮಾಡ್ಲಿ. ಏಮ್ಸ್, ಪಿಜಿಐ, ಜಿಪ್ಮರ್ ಬೇಕಂದ್ರ ಐಎನ್ಐ ಎಸ್ಎಸ್ ಬ್ಯಾರೆ ಪರೀಕ್ಷೆ, ಅದು ನಿನಗ, ಫಾರ್ಮ್ ತಪ್ಪಿಸ್ಕೋಬ್ಯಾಡ.

ಖುದ್ದಾಗಿ ಹೋದಾಗ ಎಚ್ಓಡಿ ಚೇಂಬರ್‌ದಾಗ ಚಾ ಕುಡದು ತಿರುಗಿ ಬರಬ್ಯಾಡ. ಮೂರನೇ ವರ್ಷದ ರೆಸಿಡೆಂಟ್‌ಗೆ ಲಾಗ್‌ಬುಕ್ ತೋರಸು ಅಂತ ಕೇಳು, ಅದರಾಗ ಅಸಿಸ್ಟೆಡ್ ಎಷ್ಟು, ಸೂಪರ್‌ವಿಷನ್‌ದಾಗ ತಾವ ಮಾಡಿದ್ದು ಎಷ್ಟು ನೋಡು. ಎನ್ಐಸಿಯು ಸಿಸ್ಟರ್ ಜೋಡಿ ಮಾತಾಡು. ಕಳೆದ ಬ್ಯಾಚಿನವರು ಈಗ ಎಲ್ಲಿ ಅದಾರ, ಏನ್ ಆಪರೇಷನ್ ಮಾಡ್ಲಿಕತ್ತಾರ ವಿಚಾರಿಸು. ಬೆಂಗಳೂರಿಗೆ ಬಂದ್ರ ಮುಂಚೆ ಮೆಸೇಜ್ ಮಾಡು, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರಿ ಒಳಗೂ ನನ್ನ ಗುರ್ತಿನವರು ಅದಾರ, ಡ್ಯೂಟಿ ಇಲ್ಲದವರನ್ನ ನೋಡಿ ಭೆಟ್ಟಿ ಮಾಡಿಸ್ತೀನಿ. ಬುಧವಾರ ಬರಬ್ಯಾಡ, ಅವತ್ತು ನಮ್ಮ ಓಟಿ ದಿನ, ಯಾರೂ ಕೈಗೆ ಸಿಗೂದಿಲ್ಲ.